ಕಪ್ಪು ಕನ್ನಡಕದ ಭಕ್ತಾದಿಗಳಿಗೆ

ಭಾನುವಾರ ಫಿಲ್ಮ್ ಸೊಸೈಟಿ ಶೋ ಮುಗಿಸಿಕೊಂಡು ಎಂದಿನಂತೆ ಬನಶಂಕರಿಯ ದರ್ಶಿನಿ ಮುಂದೆ ನಿಂತಿದ್ವಿ. ಆವತ್ತು ನೋಡಿದ ಸಿನಿಮಾ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ನಮ್ಮವರಲ್ಲೊಬ್ಬರು ಮೊಬೈಲನ್ನು ಸಾಂಬಾರ್ ಬಟ್ಟಲಿಗೆ ಒರಗಿಸಿಟ್ಟು ಅಮೆರಿಕದ ನಿರ್ದೇಶಕ ರಿಚರ್ಡ್ ಲಿಂಕ್ಲೇಟರ್‌ನ 'ನುವೆಲ್ ವಾಗ್' ಟ್ರೇಲರ್ ಹಾಕಿದರು, ಸುತ್ತ ಐದಾರು ತಲೆ ಬಗ್ಗಿದವು. ಫ್ರೆಂಚ್ ನಿರ್ದೇಶಕ ಜಾನ್-ಲುಕ್ ಗೊದಾರ್ 1959ರಲ್ಲಿ ಪ್ಯಾರಿಸ್ಸಿನ ಬೀದಿಯಲ್ಲಿ 'ಬ್ರೆತ್‌ಲೆಸ್' ತೆಗೆದ ಕಥೆ. ಕಪ್ಪುಬಿಳುಪು, ಫ್ರೆಂಚ್ ಭಾಷೆ. 2025ರ ಮೇ ತಿಂಗಳಲ್ಲಿ ಕಾನ್ ಉತ್ಸವದಲ್ಲಿ ತೋರಿಸಿದಾಗಿನಿಂದ ಇವರಿಗೆ ನಿದ್ದೆ ಇಲ್ಲ.

"ಗುರೂ, ಕನ್ನಡಕ ನೋಡು, ಡಿಟ್ಟೋ ಗೊದಾರ್!"
"ಸಿಗರೇಟು ಹಿಡಿಯೋ ಸ್ಟೈಲ್ ನೋಡಿ ಸಾರ್."

ಅದರಲ್ಲಿ ಗೊದಾರ್ ಪಾತ್ರ ಮಾಡಿರೋ ಗೀಯೋಮ್ ಮಾರ್ಬೆಕ್ ಅನ್ನೋ ಹುಡುಗನಿಗೂ ಗೊದಾರ್‌ಗೂ ಎಷ್ಟು ಹೋಲಿಕೆ ಅಂತ ಜಾತಕ ಕೂಡಿಸುವವರ ಥರ ಚರ್ಚೆ ಮಾಡಿದ್ದೇ ಮಾಡಿದ್ದು. ಕಾಫಿ ಆರಿ ಕೆನೆ ಕಟ್ಟಿತು. ನಾನು ಒಂದೇ ಒಂದು ಪ್ರಶ್ನೆ ಕೇಳಿದೆ: ಇದೇ ಗೊದಾರ್ ಬಗ್ಗೆ ಆತನ ಹೆಂಡತಿ ಬರೆದ ಪುಸ್ತಕ ಸಿನಿಮಾ ಆದಾಗ ನಿಮ್ಮ ಈ ಉತ್ಸಾಹ ಎಲ್ಲಿತ್ತು? ಅದಕ್ಕೆ ಬಂದ ಉತ್ತರ, ತಲೆ ಸವರುವ ದನಿಯಲ್ಲಿ: "ಮೇಡಂ, ಕಲೆ ಬೇರೆ, ಕಲಾವಿದ ಬೇರೆ."

ಪಿತ್ತ ನೆತ್ತಿಗೇರಿದ್ದು ಅಲ್ಲೇ. ಅಲ್ಲಿ ಮಾತಾಡಿದರೆ ದರ್ಶಿನಿಯವರು ಹೊರಗೆ ಹಾಕುತ್ತಿದ್ದರು, ಅದಕ್ಕೇ ಇಲ್ಲಿ ಬರೀತಿದ್ದೀನಿ. (ಅವರೆಲ್ಲ ಇಲ್ಲೂ ಇದ್ದಾರೆ. ಗೊತ್ತು. ಓದಲಿ.)

ಅಲ್ಲಾ ಸ್ವಾಮಿ, ಕಲೆ ಬೇರೆ ಕಲಾವಿದ ಬೇರೆ ಅನ್ನೋದು ನಿಮ್ಮ ಸಿದ್ಧಾಂತವಾದರೆ 'ಬ್ರೆತ್‌ಲೆಸ್' ನೋಡಿ, ಚಪ್ಪಾಳೆ ಹೊಡೆದು, ಮನೆಗೆ ಹೋಗಿ. ನಾನು ಕೇಳೋದಿಲ್ಲ. ಆದರೆ ನೀವು ಬಾಯಲ್ಲಿ ನೀರೂರಿಸಿಕೊಂಡು ಕಾಯುತ್ತಿರುವುದು ಕಲಾವಿದನ ಬಗ್ಗೆಯೇ ತೆಗೆದ ಸಿನಿಮಾಕ್ಕೆ! ಆತನ ಕನ್ನಡಕ, ಆತನ ಸಿಗರೇಟು, ಆತನ ತಲೆಹರಟೆ, ಎಲ್ಲಾ ಬೇಕು ನಿಮಗೆ. ಆತ ಮನೆಯಲ್ಲಿ ಹೇಗಿದ್ದ ಅಂತ ಯಾರಾದರೂ ಬಾಯಿ ತೆಗೆದ ತಕ್ಷಣ ಮಾತ್ರ ಕಲೆ ಬೇರೆ ಆಗಿಬಿಡುತ್ತೆ.

ಹಾಗಂತ ನನ್ನನ್ನು ಗೊದಾರ್ ದ್ವೇಷಿ ಅಂದುಕೊಳ್ಳಬೇಡಿ. ನನ್ನನ್ನು ಬಲ್ಲವರಿಗೆ ಗೊತ್ತು, 'ಬ್ರೆತ್‌ಲೆಸ್' ತಯಾರಾದ ಕಥೆ ಶುರು ಮಾಡಿದರೆ ನಾನು ನಿಲ್ಲಿಸೋದೇ ಇಲ್ಲ. ಆ ಕಥೆ ಇರೋದೇ ಹಾಗೆ. ಟ್ರಾಲಿಗೆ ದುಡ್ಡಿಲ್ಲ, ಕ್ಯಾಮೆರಾಮನ್ ರೌಲ್ ಕುತಾರ್‌ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಎಳೆದರು. ಶಾಂಜೆಲಿಜೆ ರಸ್ತೆಯಲ್ಲಿ ಜನರಿಗೆ ಗೊತ್ತಾಗಬಾರದು ಅಂತ ಅಂಚೆಯವರ ತಳ್ಳುಗಾಡಿಯೊಳಗೆ ಕ್ಯಾಮೆರಾ ಸಮೇತ ಅವಿತು ಕೂತ ಪುಣ್ಯಾತ್ಮ ಅವನು, ಇಂಡೋಚೀನಾ ಯುದ್ಧದಲ್ಲಿ ಫೋಟೋ ತೆಗೆದು ಬಂದವನು. ರಾತ್ರಿ ದೃಶ್ಯಕ್ಕೆ ಲೈಟ್ ಸಾಲದು ಅಂತ ಸ್ಟಿಲ್ ಕ್ಯಾಮೆರಾದ ಇಲ್ಫೋರ್ಡ್ ರೋಲುಗಳನ್ನು ಒಂದಕ್ಕೊಂದು ಅಂಟಿಸಿಕೊಂಡು ಶೂಟ್ ಮಾಡಿದರು. ಡೈಲಾಗು ಆ ದಿನ ಬೆಳಗ್ಗೆ ಬರೆದದ್ದು. ಧ್ವನಿಯನ್ನು ಆಮೇಲೆ ಡಬ್ ಮಾಡೋದು ಅಂತ ಆಗಿದ್ದರಿಂದ ಶಾಟ್ ನಡೀತಿರುವಾಗಲೇ ಗೊದಾರ್ ಪಕ್ಕದಿಂದ ಸಾಲು ಕೂಗಿ ಹೇಳುತ್ತಿದ್ದ. 1960ರಲ್ಲಿ ಸಿನಿಮಾ ಬಂತು, ಎಡಿಟಿಂಗ್ ಅನ್ನೋದು ಮತ್ತೆ ಮೊದಲಿನ ಹಾಗೆ ಇರಲಿಲ್ಲ. ಇದನ್ನು ಸಿನಿಮಾ ಮಾಡದೆ ಇನ್ಯಾವುದನ್ನು ಮಾಡ್ತಾರೆ? ಲಿಂಕ್ಲೇಟರ್‌ಗೆ ಆಸೆ ಹುಟ್ಟಿದ್ದರಲ್ಲಿ ತಪ್ಪೇ ಇಲ್ಲ.

ತಕರಾರು ಇರೋದು ಸಾಂಬಾರ್ ಬಟ್ಟಲಿನ ಸುತ್ತ ನಿಂತ ತಲೆಗಳ ಜೊತೆ.

2017ರಲ್ಲಿ ಮಿಶೆಲ್ ಹಜನಾವಿಸಿಯಸ್ 'ರದುತಾಬ್ಲ್' ಅಂತ ಸಿನಿಮಾ ಮಾಡಿದ. ಅದೂ ಗೊದಾರ್ ಬಗ್ಗೆ, ಅದೂ ಕಾನ್‌ಗೆ ಹೋಯಿತು. ಆಧಾರ ಆನ್ ವಿಯಾಜೆಮ್‌ಸ್ಕಿಯ ನೆನಪಿನ ಪುಸ್ತಕ. 1967ರಲ್ಲಿ ಮದುವೆಯಾದಾಗ ಆಕೆಗೆ ಇಪ್ಪತ್ತು, ಗೊದಾರ್‌ಗೆ ಮೂವತ್ತಾರು. ಆ ಸಿನಿಮಾದ ಗೊದಾರ್ ಹೊಟ್ಟೆಕಿಚ್ಚಿನವನು, ಮುನಿಸಿಕೊಂಡು ಕೂರುವವನು, ಎಲ್ಲರೆದುರು ಹೆಂಡತಿಗೆ ಮುಜುಗರ ಮಾಡುವವನು. 1968ರ ಪ್ಯಾರಿಸ್ ಚಳವಳಿಯ ಮೆರವಣಿಗೆಗಳಲ್ಲಿ ಪೊಲೀಸರು ಅಟ್ಟಿಸಿಕೊಂಡು ಬಂದಾಗಲೆಲ್ಲ ಆತನ ಕನ್ನಡಕ ಬೀಳುತ್ತೆ, ಯಾರದೋ ಕಾಲಡಿ ಪುಡಿಯಾಗುತ್ತೆ. ಮತ್ತೆ ಹೊಸದು, ಮತ್ತೆ ಪುಡಿ. ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು ಬಂತು. ನಮ್ಮವರಿಗೆ ಮಾತ್ರ ಮೈಯೆಲ್ಲ ಉರಿ. "ಮಹಾನ್ ಕಲಾವಿದನನ್ನು ಜೋಕರ್ ಮಾಡಿಬಿಟ್ಟ," "ಸೇಡಿನ ಸಿನಿಮಾ," "ಹೆಂಡತಿ ಮಾತು ಕಟ್ಟಿಕೊಂಡು..." ಈ ಕೊನೆಯದನ್ನು ಹೇಳಿದವರು ಯಾರು ಅಂತ ಇಲ್ಲಿ ಬರೆಯೋದಿಲ್ಲ, ಅವರ ಮನೆಯಲ್ಲಿ ಊಟ ಮಾಡಿದ್ದೀನಿ.

ಅದೇನು ಮಹಾ ಸಿನಿಮಾ ಅಲ್ಲ, ಒಪ್ತೀನಿ. ಎಷ್ಟೋ ಕಡೆ ಅಗ್ಗದ ತಮಾಷೆ. ಆದರೆ ಅದೇ ಕನ್ನಡಕ ಕಣ್ರೀ! ಮುರಿದು ಬಿದ್ದಾಗ ಅಪಚಾರ, ಮೂಗಿನ ಮೇಲೆ ಭದ್ರವಾಗಿ ಕೂತಿದ್ದರೆ ಪೂಜೆ.

"ಮೇಡಂ, ಲಿಂಕ್ಲೇಟರ್ ಹೇಳ್ತಿರೋದು ಆ ಒಂದು ಸಿನಿಮಾದ ಶೂಟಿಂಗ್ ಕಥೆ. ಪೂರ್ತಿ ಜೀವನಚರಿತ್ರೆ ಅಲ್ಲ. 1959ರಲ್ಲಿ ಮುಂದಿನ ಹೆಂಡಂದಿರ ಲೆಕ್ಕ ಯಾಕೆ?" ಇದೂ ಅಲ್ಲೇ ಬಂದ ಪ್ರಶ್ನೆ. ನ್ಯಾಯವಾದ ಪ್ರಶ್ನೆ ಅಂತಲೂ ಅನ್ನಿಸುತ್ತೆ, ಒಂದರೆಗಳಿಗೆ. ಆದರೆ ಆ 1959ರ ಸುತ್ತಮುತ್ತಲೇ ಏನೇನಿದೆ ನೋಡಿ. ನಟಿ ಆನಾ ಕರೀನಾಗೆ ಗೊದಾರ್ ಮೊದಲು ಕರೆ ಕಳಿಸಿದ್ದು 'ಬ್ರೆತ್‌ಲೆಸ್'ನ ಒಂದು ಸಣ್ಣ ಪಾತ್ರಕ್ಕೆ, ಬಟ್ಟೆ ಬಿಚ್ಚಬೇಕಿತ್ತು. ಆಕೆ ಆಗಲ್ಲ ಅಂದಳು. ಸೋಪಿನ ಜಾಹೀರಾತಿನಲ್ಲಿ ಬಿಚ್ಚಿದ್ದೆಯಲ್ಲ ಅಂದನಂತೆ ಈತ. ಕುತ್ತಿಗೆವರೆಗೆ ನೊರೆ ಇತ್ತು, ಉಳಿದದ್ದು ನಿನ್ನ ತಲೆಯೊಳಗೆ ಅಂತ ಆಕೆ ತಿರುಗಿಸಿ ಕೊಟ್ಟಳಂತೆ. ಹದಿಹರೆಯದ ಹುಡುಗಿ, ಡೆನ್ಮಾರ್ಕಿನಿಂದ ಬಂದು ಪ್ಯಾರಿಸ್ಸಿನಲ್ಲಿ ಹೊಟ್ಟೆಪಾಡು ನೋಡಿಕೊಳ್ಳುತ್ತಿದ್ದವಳು! 1961ರಲ್ಲಿ ಅವರಿಬ್ಬರ ಮದುವೆಯಾಯಿತು. ಆಮೇಲಿನದನ್ನು ಆಕೆಯೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾಳೆ: ಸಿಗರೇಟು ತರ್ತೀನಿ ಅಂತ ಹೋದವನು ಮೂರು ವಾರ ಬಿಟ್ಟು ಬರುತ್ತಿದ್ದ.

ಆ ಸಿಗರೇಟಿನ ಸ್ಟೈಲು ನೋಡಿ ಸಾರ್ ಅಂದವರೇ, ಇದೂ ಅದೇ ಸಿಗರೇಟು.

ಈಗ ಸ್ವಲ್ಪ ಸ್ವಂತದ್ದು. ನಾನು ಸೀರಿಯಲ್ ಸೆಟ್‌ನಲ್ಲಿ ಅಸಿಸ್ಟೆಂಟ್ ಆಗಿ ಕಂಟಿನ್ಯುಟಿ ಬರೆಯುತ್ತಿದ್ದ ಕಾಲ ನಿಮಗೆಲ್ಲ ಗೊತ್ತೇ ಇದೆ. ಆಗ ಒಂದು ಅಳುವ ಸೀನ್. ಹುಡುಗಿ ಹೊಸಬಳು, ಕಣ್ಣೀರು ಬರುತ್ತಿಲ್ಲ. ಮೇಕಪ್‌ನವರು ಗ್ಲಿಸರಿನ್ ತೆಗೆದುಕೊಂಡು ಹೋದರೆ ಡೈರೆಕ್ಟರ್ ಬೇಡ ಅಂದರು. ಮೈಕ್ ಹಿಡಿದು, ಇಡೀ ಯೂನಿಟ್‌ಗೆ ಕೇಳುವ ಹಾಗೆ, ಆಕೆಯ ಬಣ್ಣ, ಆಕೆಯ ಊರು, ಆಕೆಯ ಅಪ್ಪನ ಕೆಲಸ ಎಲ್ಲವನ್ನೂ ಎತ್ತಿ ಆಡಿದರು. ಆಕೆ ಬಿಕ್ಕಿ ಬಿಕ್ಕಿ ಅತ್ತಳು. ಕ್ಯಾಮೆರಾ ಓಡುತ್ತಲೇ ಇತ್ತು. "ಕಟ್, ಓಕೆ!" ಚಪ್ಪಾಳೆ. ಪ್ಯಾಡ್ ಮೇಲೆ ನಾನು ಬರೆದದ್ದು ಬಲಗಡೆ ಜಡೆ, ಎಡಗೈಲಿ ಎರಡು ಬಳೆ, ಕಾಡಿಗೆ ಹರಡಿದೆ. ಮುಂದಿನ ಶಾಟ್‌ಗೂ ಕಾಡಿಗೆ ಅಷ್ಟೇ ಹರಡಿರಬೇಕಲ್ಲ! ಆಕೆ ಜನರೇಟರ್ ವ್ಯಾನಿನ ಹಿಂದೆ ಹೋಗಿ ಕೂತಳು, ನಾನೇ ಹೋಗಿ ಮುಖ ಒರೆಸಿಕೊಳ್ಳಬೇಡಿ ಅಂತ ಹೇಳಿ ಬಂದೆ. ಅದು ನನ್ನ ಡ್ಯೂಟಿ. ಎಷ್ಟೋ ವರ್ಷದ ಮೇಲೆ ಅದೇ ಮನುಷ್ಯ ಒಂದು ಯೂಟ್ಯೂಬ್ ಸಂದರ್ಶನದಲ್ಲಿ ಈ ಕಥೆಯನ್ನು ನಗುನಗುತ್ತಾ ಹೇಳಿದ: ನಟನೆ ಹೇಗೆ ತೆಗೆಸಬೇಕು ಅನ್ನೋದಕ್ಕೆ ಉದಾಹರಣೆಯಾಗಿ. ಕೆಳಗೆ ಕಾಮೆಂಟು: "ಇಂಥ ನಿರ್ದೇಶಕರು ಈಗೆಲ್ಲಿದ್ದಾರೆ ಸಾರ್."

ಕೆನ್ನೆಗೆ ಬಾರಿಸಿ ಅಳಿಸಿದರು, ಬಿಸಿಲಲ್ಲಿ ನಿಲ್ಲಿಸಿದರು, ಊಟ ಕೊಡಲಿಲ್ಲ: ನಮ್ಮ ಗಾಂಧಿನಗರದ ಎಷ್ಟು ಸನ್ಮಾನ ಸಮಾರಂಭಗಳಲ್ಲಿ ಈ ಥರದ ಕಥೆ ಕೇಳಿಲ್ಲ ನಾವು? ಹೇಳುವವರ ಮುಖದಲ್ಲಿ ಹೆಮ್ಮೆ, ಕೇಳುವವರ ಕಡೆಯಿಂದ ಶಿಳ್ಳೆ. ನಾಳೆ ನಮ್ಮವರೊಬ್ಬರ ಮೇಲೂ ಇಂಥದ್ದೇ ಸಿನಿಮಾ ಬಂದರೆ ಕಟೌಟ್ ನಿಲ್ಲಿಸುವವರು ಯಾರು, ಹಾಲು ಸುರಿಯುವವರು ಯಾರು, ಈಗಲೇ ಪಟ್ಟಿ ಕೊಡಬಲ್ಲೆ.

ಇನ್ನೊಂದು ಮಾತು ಹೇಳಲೇಬೇಕು. 2017ರಲ್ಲೇ ನಿರ್ದೇಶಕಿ ಆನ್ಯೆಸ್ ವಾರ್ಡಾ ತಾನೂ ಜೆಆರ್ ಎಂಬ ಹುಡುಗನೂ ಸೇರಿ ಮಾಡಿದ ಡಾಕ್ಯುಮೆಂಟರಿಯ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ರೋಲ್ ಊರಿಗೆ, ಗೊದಾರ್ ಮನೆಗೆ ಹೋಗುತ್ತಾಳೆ. ಹಳೆಯ ಸ್ನೇಹಿತೆ, ತೊಂಬತ್ತಕ್ಕೆ ಹತ್ತಿರದ ಅಜ್ಜಿ. ಈ ಮಹಾನುಭಾವ ಬಾಗಿಲು ತೆಗೆಯಲಿಲ್ಲ. ಗಾಜಿನ ಮೇಲೆ ಏನೋ ಗೀಚಿಟ್ಟಿದ್ದ, ಅಷ್ಟೇ. ವಾರ್ಡಾ ಅಳುತ್ತಾಳೆ. ಇದು ಯಾವ ಹೆಂಡತಿಯ ಪುಸ್ತಕವೂ ಅಲ್ಲ, ಕ್ಯಾಮೆರಾ ಮುಂದೆ ನಡೆದದ್ದು. ಅದನ್ನು ತೋರಿಸಿದ ದಿನವೂ ನಮ್ಮಲ್ಲೊಬ್ಬರು "ಅದೇ ಗೊದಾರ್ ಟಚ್!" ಅಂದರು. ಸಿಟ್ಟು ಬರೋದಿಲ್ವಾ ಹೇಳಿ.

ಆದರೂ ಸಿನಿಮಾ ನೋಡ್ತೀನಿ. ಮೊದಲ ದಿನವೇ ನೋಡ್ತೀನಿ. ಗೊದಾರ್‌ಗಾಗಿ ಅಲ್ಲ, 'ಬ್ರೆತ್‌ಲೆಸ್'ನ ನಾಯಕಿ ಜೀನ್ ಸೀಬರ್ಗ್‌ಗಾಗಿ. ಜೋಯಿ ಡಾಯ್ಚ್ ಆ ಪಾತ್ರ ಮಾಡಿದ್ದಾಳೆ, ಅವಳ ಕೂದಲಿನ ಬಗ್ಗೆ ದರ್ಶಿನಿಯಲ್ಲಿ ಒಂದು ಮಾತು ಬಂತು, ಮುಗೀತು. ಸೀಬರ್ಗ್ ಅಯೋವಾದ ಸಣ್ಣ ಊರಿನ ಹುಡುಗಿ. ಸಾವಿರಾರು ಹುಡುಗಿಯರನ್ನು ನೋಡಿ ಆಟೋ ಪ್ರೆಮಿಂಜರ್ ಆಕೆಯನ್ನು ಆರಿಸಿಕೊಂಡ. ಆತನ 'ಸೇಂಟ್ ಜೋನ್' ಸೆಟ್‌ನಲ್ಲಿ, ಸುಡುವ ದೃಶ್ಯದಲ್ಲಿ ಬೆಂಕಿ ನಿಜಕ್ಕೂ ತಗುಲಿ ಗಾಯವಾಯಿತು. ಅಂಥ ನಿರ್ದೇಶಕನ ಕೈಯಿಂದ ಬಂದವಳು ಈ ಕೈಗೆ ಬಿದ್ದಳು. ಮೇಕಪ್ ಇಲ್ಲ, ಸ್ಕ್ರಿಪ್ಟ್ ಇಲ್ಲ, ಎದುರಿಗೆ ಕಪ್ಪು ಕನ್ನಡಕದವನೊಬ್ಬ ಸಾಲು ಕೂಗುತ್ತಿದ್ದಾನೆ. ಆಗ ಆಕೆಗಿನ್ನೂ ಇಪ್ಪತ್ತು. 1979ರಲ್ಲಿ ನಲವತ್ತಕ್ಕೇ ತೀರಿಕೊಂಡಳು. ಅದಕ್ಕೂ ಮೊದಲು ಅಮೆರಿಕದ ಎಫ್‌ಬಿಐ ಆಕೆಯ ಮೇಲೆ ಸುಳ್ಳು ಸುದ್ದಿ ಹಬ್ಬಿಸಿ ಪಡಬಾರದ ಪಾಡು ಪಡಿಸಿತ್ತು. ಅದರ ಬಗ್ಗೆಯೂ 2019ರಲ್ಲಿ ಒಂದು ಸಿನಿಮಾ ಬಂತು. ನಮ್ಮ ಪೈಕಿ ಯಾರೂ ಟ್ರೇಲರ್ ಹಂಚಿದ್ದು ನೆನಪಿಲ್ಲ.

'ಬ್ರೆತ್‌ಲೆಸ್'ನ ಕೊನೆಯಲ್ಲಿ, ರಸ್ತೆ ಮಧ್ಯೆ ಬಿದ್ದು ಸಾಯುತ್ತಿರುವವನ ಜೇಬಿಗೆ ಆಕೆ ಕೈ ಹಾಕಿ ಪರ್ಸ್ ಎತ್ತಬೇಕು ಅಂತ ಗೊದಾರ್‌ನ ಯೋಚನೆ ಇತ್ತು. ಸೀಬರ್ಗ್ ಒಪ್ಪಲಿಲ್ಲ. ಅದಕ್ಕೇ ಈಗಲೂ ಆ ಸಿನಿಮಾದಲ್ಲಿ ಆಕೆ ಪರ್ಸ್ ಎತ್ತೋದಿಲ್ಲ. ತುಟಿ ಮೇಲೆ ಹೆಬ್ಬೆರಳು ಆಡಿಸಿ, ಕ್ಯಾಮೆರಾವನ್ನೇ ದಿಟ್ಟಿಸಿ, ತಿರುಗುತ್ತಾಳೆ. ಅರವತ್ತು ವರ್ಷ ಎಲ್ಲರೂ ಪಾಠ ಮಾಡಿದ ಆ ಕೊನೆಯಲ್ಲಿ ಆಕೆಯ ಹಟವೂ ಸೇರಿದೆ. ಲಿಂಕ್ಲೇಟರ್ ಆ ಜಗಳ ತೋರಿಸಿದ್ದರೆ ನನ್ನ ದುಡ್ಡು ವಸೂಲು. ಕನ್ನಡಕವನ್ನಷ್ಟೇ ತೋರಿಸಿದ್ದರೆ ಇದೇ ಗೋಡೆ ಮೇಲೆ ಇದಕ್ಕಿಂತ ಉದ್ದದ್ದು ಬರುತ್ತೆ, ಈಗಲೇ ಹೇಳಿದ್ದೀನಿ.