ಒಳಗಿನ ಧೂಳಿಗೆ ಟೆಂಡರ್ ಆಗಬೇಕು

ಪಹಣಿಯಲ್ಲಿ ತಂದೆಯವರ ಹೆಸರಿನ ಒಂದು ಕೊಂಬು ತಪ್ಪಿದ್ದನ್ನು ಸರಿಪಡಿಸಿಕೊಳ್ಳಲು ಕಲಬುರಗಿ ಸೀಮೆಯ ಒಂದು ಸರಕಾರಿ ಕಚೇರಿಗೆ ಮೇ ತಿಂಗಳಲ್ಲಿ ಮೂರು ಸಲ ಹೋಗಿ, ಮೂರು ಸಲವೂ ‘ಸರ್ವರ್ ಇಲ್ರಿ’ ಎಂಬ ಉತ್ತರ ಪಡೆದು ಬಂದ ಮೇಲೆ, ಈ ಸರ್ವರ್ ಎಂಬುದು ಎಲ್ಲಿ ವಾಸವಾಗಿದೆ, ಏನು ಉಣ್ಣುತ್ತದೆ, ಯಾಕೆ ಹೀಗೆ ಪದೇ ಪದೇ ಊರಿಗೆ ಹೋಗಿಬಿಡುತ್ತದೆ ಎಂದು ತಿಳಿಯುವ ಕುತೂಹಲ ನನಗೆ ಹುಟ್ಟಿತು. ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. ಅದೇ ಕಟ್ಟಡದ ನೆಲಮಹಡಿಯಲ್ಲಿ, ಶೌಚಾಲಯಕ್ಕೂ ಹಳೆಯ ಕಡತಗಳ ಕೋಣೆಗೂ ನಡುವೆ, ‘ಡೇಟಾ ಸೆಂಟರ್ – ಅನುಮತಿಯಿಲ್ಲದೆ ಪ್ರವೇಶವಿಲ್ಲ’ ಎಂಬ ಫಲಕದ ಹಿಂದೆ ಅದು ಇತ್ತು. ಫಲಕದ ಪಕ್ಕದ ಬಾಗಿಲನ್ನು ಮಾತ್ರ ಎ4 ಕಾಗದದ ಪೆಟ್ಟಿಗೆಯೊಂದನ್ನು ಅಡ್ಡ ಕೊಟ್ಟು ಅಗಲವಾಗಿ ತೆರೆದಿಡಲಾಗಿತ್ತು.

ತೆರೆದಿಡಲು ಕಾರಣ ಇಲ್ಲದಿಲ್ಲ. ಹೊರಗೆ ನಲವತ್ತು ಡಿಗ್ರಿ ಮೀರಿದ ಬಿಸಿಲು. ಇಡೀ ಕಚೇರಿಯಲ್ಲಿ ಎಸಿ ಇರುವುದು ಅದೊಂದೇ ಕೋಣೆಗೆ. ಡೇಟಾ ಸೆಂಟರಿನ ಯಂತ್ರಗಳಿಗೆ 18ರಿಂದ 27 ಡಿಗ್ರಿ ಸೆಲ್ಸಿಯಸ್ ಹಿತ ಎಂದು ಅಮೆರಿಕದ ಆಶ್ರೇ ಎಂಬ ಎಂಜಿನಿಯರುಗಳ ಸಂಘ ಹೇಳಿದೆಯಷ್ಟೆ. ಅದೇ 18ರಿಂದ 27 ಡಿಗ್ರಿ ಪ್ರಥಮ ದರ್ಜೆ ಸಹಾಯಕರಿಗೂ ಹಿತವಾಗಿರುತ್ತದೆ ಎಂಬುದನ್ನು ಆ ಸಂಘ ಗಮನಿಸಿದಂತಿಲ್ಲ. ಆದ್ದರಿಂದ ತಂಪನ್ನು ಹಜಾರದೊಡನೆ ಹಂಚಿಕೊಳ್ಳಲೆಂದು ಬಾಗಿಲು ತೆರೆದಿರುತ್ತದೆ, ಮಧ್ಯಾಹ್ನದ ಊಟ ಒಳಗೇ ಆಗುತ್ತದೆ. ರ‍್ಯಾಕಿನ ಮುಂಬದಿಯಲ್ಲಿ ತಂಪು, ಹಿಂಬದಿಯಲ್ಲಿ ಬಿಸಿಗಾಳಿ ಎಂಬ ತಾಂತ್ರಿಕ ಸೂಕ್ಷ್ಮವನ್ನು ಸಿಬ್ಬಂದಿ ಯಾವ ತರಬೇತಿಯೂ ಇಲ್ಲದೆ ಕರಗತ ಮಾಡಿಕೊಂಡಿದ್ದರು: ಮಜ್ಜಿಗೆಯ ಬಾಟಲಿ ಮುಂದೆ ಇತ್ತು, ಬದನೆಕಾಯಿ ಪಲ್ಯದ ಡಬ್ಬಿ ಹಿಂದೆ ಬೆಚ್ಚಗಾಗುತ್ತಿತ್ತು.

ಅನುಮತಿಯನ್ನು ಯಾರೂ ಕೇಳದ ಕಾರಣ ನಾನು ಒಳಗೆ ಹೋಗಿ ಸರ್ವರಿನ ಮುಂಭಾಗದ ಜಾಲರಿಯ ಮೇಲೆ ಬೆರಳಾಡಿಸಿದೆ. ಬೆರಳಿಗೆ ಬಂದದ್ದು ನಾವು ಮನೆಯ ಕಿಟಕಿಯಲ್ಲಿ ಕಾಣುವ ಧೂಳಲ್ಲ. ಬೂದು ಬಣ್ಣದ, ಮೆತ್ತನೆಯ, ಒಂದು ತುದಿ ಹಿಡಿದೆಳೆದರೆ ಇಡಿಯಾಗಿ ಬಿಟ್ಟುಕೊಂಡು ಬರುವ ಒಂದು ಹಾಸು. ಅದರ ಹಿಂದೆ ಫ್ಯಾನುಗಳು ಸಣ್ಣ ದನಿಯಲ್ಲಿ ಕಿರುಚುತ್ತಿದ್ದವು. ಒಳಗೆ ಶಾಖ ಹೊರಬಿಡಲೆಂದು ಇರುವ ತಾಮ್ರ, ಅಲ್ಯುಮಿನಿಯಂ ರೆಕ್ಕೆಗಳ ನಡುವೆ ಧೂಳು ಕೂತಷ್ಟೂ ಶಾಖ ಹೊರಹೋಗುವುದಿಲ್ಲ, ಶಾಖ ಹೋಗದಷ್ಟೂ ಫ್ಯಾನು ಜೋರಾಗಿ ತಿರುಗುತ್ತದೆ, ಜೋರಾಗಿ ತಿರುಗಿದಷ್ಟೂ ಇನ್ನಷ್ಟು ಧೂಳನ್ನು ಒಳಗೆಳೆದುಕೊಳ್ಳುತ್ತದೆ. ಕೊನೆಗೆ ಯಂತ್ರ ತನ್ನ ಜೀವ ಉಳಿಸಿಕೊಳ್ಳಲು ತಾನೇ ಆರಿಹೋಗುತ್ತದೆ. ಕೌಂಟರಿನಲ್ಲಿ ಅದಕ್ಕೆ ‘ಸರ್ವರ್ ಇಲ್ರಿ’ ಎನ್ನುತ್ತಾರೆ.

ಹೊರಗೆ ಕಸ ಹೊಡೆಯುತ್ತಿದ್ದ ಅಕ್ಕನನ್ನು, ಇದನ್ನು ಯಾಕೆ ಒರೆಸುವುದಿಲ್ಲ ಎಂದು ಕೇಳಿದೆ. ಆಕೆ ಪೊರಕೆಯನ್ನು ಹೊಸ್ತಿಲ ಮೇಲೆ ಗಡಿರೇಖೆಯಂತೆ ಇಟ್ಟು, “ಹೊರಗಿನ ಕಸ ನಂದ್ರಿ ಅಣ್ಣಾರ. ಒಳಗಿಂದಕ್ಕ ಟೆಂಡರ್ ಆಗಬೇಕಂತ್ರಿ” ಎಂದಳು.

ಟೆಂಡರ್ ಯಾಕೆ ಆಗಿಲ್ಲ ಎಂಬುದಕ್ಕೆ ಒಂದು ಕಡತವೇ ಇತ್ತು, ಅದರ ಮೇಲೂ ಧೂಳಿತ್ತು. ವಿಷಯ: ಸದರಿ ಕೇಂದ್ರವನ್ನು ವೃತ್ತಿಪರ ಸಂಸ್ಥೆಯಿಂದ ವರ್ಷಕ್ಕೆ ಎಷ್ಟು ಸಲ ಸ್ವಚ್ಛಗೊಳಿಸಬೇಕು ಎಂಬ ಕುರಿತು. ಒಂದು ಸಲ ಸಾಕೆಂದು ಲೆಕ್ಕಪತ್ರ ಶಾಖೆ ಅಭಿಪ್ರಾಯಪಟ್ಟಿತ್ತು, ಏಕೆಂದರೆ ಲೆಕ್ಕ ಒಪ್ಪಿಸುವುದು ವರ್ಷಕ್ಕೆ ಒಂದೇ ಸಲ. ಹನ್ನೆರಡು ಸಲ ಬೇಕೆಂದು ಗುತ್ತಿಗೆದಾರನೊಬ್ಬ ಸ್ವಇಚ್ಛೆಯಿಂದ ಬರೆದುಕೊಟ್ಟಿದ್ದ. ಕರಾವಳಿಯ ಒಂದು ಕಚೇರಿಯಲ್ಲಿ ಏನು ಕ್ರಮವಿದೆಯೆಂದು ತಿಳಿದು ಮಂಡಿಸುವಂತೆ ಮೇಲಿನವರು ಷರಾ ಬರೆದಿದ್ದರು. ಅಲ್ಲಿಂದ ತರಿಸಿದ ಷರತ್ತುಗಳನ್ನು ಅಕ್ಷರ ಬಿಡದೆ ನಕಲು ಮಾಡಿದ್ದರಿಂದ, ಮಳೆಗಾಲ ಬಿಟ್ಟರೆ ಉಗುಳು ಕೂಡ ನೆಲ ಮುಟ್ಟುವ ಮುನ್ನ ಒಣಗುವ ಈ ಊರಿನ ಟೆಂಡರ್ ಕರಡಿನಲ್ಲಿ ಗೋಡೆಯ ಬೂಷ್ಟು ನಿವಾರಣೆಗೆ ಮೂರು ಕಲಂಗಳೂ ಉಪ್ಪುಗಾಳಿಗೆ ಎರಡು ಕಲಂಗಳೂ ಇದ್ದವು. ಧೂಳು ಎಂಬ ಪದ ಎಲ್ಲಿಯೂ ಇರಲಿಲ್ಲ.

ಹಾಗೆಂದು ಧೂಳಿನ ಲೆಕ್ಕ ಯಾರೂ ಕಟ್ಟಿಲ್ಲವೆಂದಲ್ಲ. ಡೇಟಾ ಸೆಂಟರಿನ ಗಾಳಿ ಐಎಸ್ಒ 14644 ಎಂಬ ಮಾನಕದ 8ನೆಯ ವರ್ಗದಷ್ಟು ಸ್ವಚ್ಛವಾಗಿರಬೇಕು ಎಂಬುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಮಾತು. ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಥವಾ ಅದಕ್ಕೂ ದೊಡ್ಡ ಕಣಗಳು 35,20,000ಕ್ಕಿಂತ ಹೆಚ್ಚಿರಬಾರದು. ಎಣಿಸಲು ಕೈಯಲ್ಲಿ ಹಿಡಿಯುವ ಯಂತ್ರವೇ ಇದೆ. ಈ ಸಂಖ್ಯೆಯನ್ನು ಕಡತದಲ್ಲಿ ಕಂಡ ಟೆಂಡರ್ ಸಮಿತಿಯ ಸದಸ್ಯರೊಬ್ಬರು, ಮೂವತ್ತೈದು ಲಕ್ಷದವರೆಗೆ ಅನುಮತಿ ಇರುವಾಗ ಅವಸರವೇನಿದೆ ಎಂದು ಕೇಳಿದ್ದರಂತೆ. ಅನುದಾನದ ಭಾಷೆ ಓದಿದ ಕಣ್ಣಿಗೆ ಮಿತಿಯೂ ಗುರಿಯಾಗಿಯೇ ಕಾಣುತ್ತದೆ. ಊಟದ ಡಬ್ಬಿಯ ಶೇಂಗಾ ಹಿಂಡಿ ಯಾವ ವರ್ಗಕ್ಕೆ ಸೇರುತ್ತದೆಂದು ಮಾನಕ ಹೇಳುವುದಿಲ್ಲ. ನೆಲವನ್ನು ಮೇಲಿಂದ ಮೇಲೆ, ತಂಪು ಗಾಳಿ, ಕೇಬಲ್ ಹಾಯಲೆಂದು ಹಲಗೆ ಹಾಸಿ ಎತ್ತರಿಸಿದ ನೆಲದ ಅಡಿಭಾಗವನ್ನೂ ರ‍್ಯಾಕುಗಳ ಮೈಯನ್ನೂ ವರ್ಷಕ್ಕೊಮ್ಮೆಯಾದರೂ, ಧೂಳಿನ ಊರಾದರೆ ಇನ್ನೂ ಬೇಗ ಬೇಗ ಸ್ವಚ್ಛ ಮಾಡಬೇಕೆಂದು ಈ ಕೆಲಸ ಬಲ್ಲವರು ಹೇಳುತ್ತಾರೆ. ಕಣಗಳನ್ನು ಎಣಿಸಿ, ಫಿಲ್ಟರಿನ ಎರಡೂ ಬದಿಯ ಒತ್ತಡದ ವ್ಯತ್ಯಾಸ ನೋಡಿ ದಿನ ನಿಶ್ಚಯಿಸುವುದು ಅವರ ಕ್ರಮ. ನಮ್ಮಲ್ಲಿ ದಿನವನ್ನು ಮೊದಲು ನಿಶ್ಚಯಿಸಿ, ಆಮೇಲೆ ಧೂಳಿಗೆ ತಿಳಿಸುತ್ತೇವೆ.

ಧೂಳು ಅದನ್ನು ಒಪ್ಪಿಕೊಂಡಂತಿಲ್ಲ, ಅದಕ್ಕೆ ಅದರದೇ ಪಂಚಾಂಗವಿದೆ. ಡಿಸೆಂಬರ್–ಜನವರಿಯಲ್ಲಿ ತೊಗರಿಯ ರಾಶಿ ನಡೆಯುವಾಗ ಹೊಟ್ಟು, ಆಮೇಲೆ ಬಿಳಿಜೋಳದ ಸುಂಕು, ಏಪ್ರಿಲ್–ಮೇ ಬಂತೆಂದರೆ ಬಿರುಗಾಳಿಗೆ ಎದ್ದ ಎರೆಮಣ್ಣು, ಜೊತೆಗೆ ವರ್ಷವಿಡೀ ಶಹಾಬಾದ್ ಪರ್ಸಿ ಕಲ್ಲು ಕೊಯ್ಯುವಲ್ಲಿನ ಸುಣ್ಣದ ಹುಡಿ. ಸಿಮೆಂಟ್ ಕಾರ್ಖಾನೆಗಳಿರುವ ವಾಡಿ, ಸೇಡಂ ಕಡೆಯವರಾದರೆ ಸಿಮೆಂಟಿನ ಬಗ್ಗೆ ಅವರಿಗೆ ಬೇರೆ ಹೇಳಬೇಕಿಲ್ಲ. ಕಲಬುರಗಿಯ ತೊಗರಿ ಬೇಳೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ. ಅದರ ಹೊಟ್ಟಿಗೂ ಕೇಳಿದ್ದರೆ ಸಿಗುತ್ತಿತ್ತೇನೋ. ಒಣ ಹವೆಯಲ್ಲಿ ಇವೆಲ್ಲವೂ ಹಗುರವಾಗಿ ಬಹಳ ಹೊತ್ತು ತೇಲುತ್ತವೆ, ಸ್ಥಿರವಿದ್ಯುತ್ತೂ ಒಣ ಹವೆಯಲ್ಲೇ ಹೆಚ್ಚಾಗುವುದರಿಂದ ಪ್ಲಾಸ್ಟಿಕ್ಕಿಗೂ ಜಾಲರಿಗೂ ಪ್ರೀತಿಯಿಂದ ಅಂಟಿಕೊಳ್ಳುತ್ತವೆ. ಒಣಗಿರುವ ತನಕ ಧೂಳು ಬರಿಯ ಕಂಬಳಿ, ಯಂತ್ರಕ್ಕೆ ಸೆಕೆಯಾದೀತು ಅಷ್ಟೆ. ಜೂನ್ ಬಂದು ಗಾಳಿ ತೇವಗೊಂಡಾಗ ಅದರಲ್ಲಿನ ಲವಣಗಳು ನೀರು ಹೀರಿ, ಅದೇ ಕಂಬಳಿ ವಿದ್ಯುತ್ ಹರಿಸುವ ತಂತಿಯಾಗಿಬಿಡುತ್ತದೆ, ಲೋಹವನ್ನೂ ತಿನ್ನತೊಡಗುತ್ತದೆ. ಆದ್ದರಿಂದ ಸ್ವಲ್ಪ ಬುದ್ಧಿ ಇರುವ ಯಾರೇ ಆದರೂ ಈ ಸೀಮೆಯಲ್ಲಿ ರಾಶಿ ಮುಗಿದ ಮೇಲೊಮ್ಮೆ, ಮುಂಗಾರಿಗೆ ಮುನ್ನ ಮೇ ಕೊನೆಗೊಮ್ಮೆ ಕೋಣೆಯನ್ನು ತೊಳೆದಂತೆ ಮಾಡಿಸುತ್ತಾರೆ.

ಆದರೆ ಕಚೇರಿಯಲ್ಲಿ ಅದು ಮಾರ್ಚ್ ಕೊನೆಯ ವಾರ ಆಗುತ್ತದೆ. ಮಾರ್ಚ್ 31ರೊಳಗೆ ಖರ್ಚಾಗದ ಹಣ ಹಿಂದಿರುಗಿ ಹೋಗುತ್ತದೆ, ಧೂಳು ಎಲ್ಲಿಯೂ ಹೋಗುವುದಿಲ್ಲ. ಎರಡರಲ್ಲಿ ಯಾವುದನ್ನು ಮೊದಲು ಹಿಡಿಯಬೇಕೆಂದು ಯಾವ ಅಧಿಕಾರಿಗೂ ಹೇಳಿಕೊಡಬೇಕಿಲ್ಲ. ಹೋದ ವರ್ಷ ಟೆಂಡರ್ ಇಲ್ಲದೆಯೇ ತುಂಡು ಗುತ್ತಿಗೆಯಲ್ಲಿ ಹೀಗೊಂದು ಸ್ವಚ್ಛತೆ ನಡೆದಿತ್ತು. ಬಂದ ಇಬ್ಬರು ಹುಡುಗರು ಮದುವೆ ಮಂಟಪದ ಜಮಖಾನೆ ಎಳೆಯುವ ವ್ಯಾಕ್ಯೂಮ್ ಕ್ಲೀನರ್ ತಂದಿದ್ದರು. ಇಂಥ ಕೋಣೆಗೆ 0.3 ಮೈಕ್ರಾನ್ ಕಣಗಳಲ್ಲಿ ಶೇ 99.97ರಷ್ಟನ್ನು ತಡೆಯುವ ಹೆಪಾ ಫಿಲ್ಟರಿನ ಯಂತ್ರ ಬೇಕು. ಜಮಖಾನೆಯ ಯಂತ್ರ ದಪ್ಪ ಕಸವನ್ನು ಹೊಟ್ಟೆಯಲ್ಲಿಟ್ಟುಕೊಂಡು, ಸರ್ವರಿಗೆ ನಿಜವಾಗಿ ಹಾನಿ ಮಾಡುವ ನಯವಾದ ಹುಡಿಯನ್ನು ಬೆನ್ನಿನಿಂದ ಕೋಣೆಗೇ ವಾಪಸು ಕೊಡುತ್ತದೆ. ಎತ್ತರಿಸಿದ ನೆಲದ ಹಲಗೆಗಳನ್ನು ಎತ್ತಲು ಅವರು ಹೋದಾಗ ಸಮಿತಿಯವರೊಬ್ಬರು ತಡೆದರು. ಸತುವಿನ ಲೇಪವಿರುವ ಹಲಗೆಗಳ ಅಡಿಯಲ್ಲಿ ಕೂದಲಿಗಿಂತ ತೆಳುವಾದ ಸತುವಿನ ಎಳೆಗಳು ಬೆಳೆದಿರುತ್ತವೆ, ಹಲಗೆ ಅಲುಗಿದರೆ ಅವು ಮುರಿದು ಗಾಳಿಯೊಡನೆ ಯಂತ್ರ ಸೇರಿ ಶಾರ್ಟ್ ಸರ್ಕ್ಯೂಟ್ ಮಾಡುತ್ತವೆ ಎಂದು ಅವರು ಎಲ್ಲಿಯೋ ಓದಿದ್ದರು. ಓದಿದ್ದು ಸರಿಯೇ, ಅದರಿಂದ ಅವರು ತಲುಪಿದ ತೀರ್ಮಾನ, ಹಲಗೆಯನ್ನು ಎಂದೆಂದಿಗೂ ಎತ್ತಬಾರದು ಎಂಬುದು. ಒಂದು ಮೂಲೆಯ ಹಲಗೆ ಮುರಿದಿದ್ದರಿಂದ ನನಗೆ ಒಳಗಿಣುಕಲು ಸಾಧ್ಯವಾಯಿತು. ಕಟ್ಟಡ ಕಟ್ಟಿದ ಕಾಲದ ಸಿಮೆಂಟ್ ಹುಡಿ, ಬೀಡಿಯ ಮೋಟು, ಕತ್ತರಿಸಿ ಬಿಟ್ಟ ಕೇಬಲ್ ತುಂಡುಗಳು, ಅವುಗಳ ನಡುವೆ ಉದ್ಘಾಟನೆಯ ದಿನದ ಕೆಂಪು ರಿಬ್ಬನ್ನಿನ ಒಂದು ಗೇಣು. ಯಂತ್ರಗಳು ಉಸಿರಾಡುವ ತಂಪು ಗಾಳಿ ಇವುಗಳ ಮೇಲಿಂದಲೇ ಹಾದು ಬರುತ್ತಿತ್ತು.

ಬಿಲ್ಲಿಗೆ ಜಿಪಿಎಸ್ ಫೋಟೊ ಲಗತ್ತಿಸಿದ್ದರು. ‘ಸ್ವಚ್ಛತೆಯ ನಂತರ’ ಎಂಬ ಚಿತ್ರದ ಸಮಯ 11 ಗಂಟೆ 10 ನಿಮಿಷ, ‘ಸ್ವಚ್ಛತೆಯ ಮುನ್ನ’ ಎಂಬುದರದು 11 ಗಂಟೆ 40 ನಿಮಿಷ. ಆ ಯಂತ್ರ ಮಾಡಿದ ಕೆಲಸವನ್ನು ಅರಿತವರಿಗೆ ಇದರಲ್ಲಿ ತಪ್ಪೇನೂ ಕಾಣದು.

ಮಾರ್ಚ್ ಬಿಟ್ಟರೆ ಈ ಕೋಣೆಗೆ ನೀರು, ಬಟ್ಟೆ ಕಾಣುವ ಭಾಗ್ಯ ಮಹಾನವಮಿಗೆ. ಆಯುಧಪೂಜೆಯ ದಿನ ಜೀಪನ್ನು ತೊಳೆದು ಸರ್ವರನ್ನು ಬಿಡುವುದು ಧರ್ಮವಲ್ಲ. ಒದ್ದೆ ಬಟ್ಟೆಯಲ್ಲಿ ರ‍್ಯಾಕಿನ ಮೈ ಒರೆಸಿ, ಜಾಲರಿಯ ಮೇಲೆ ವಿಭೂತಿಯ ಮೂರು ಪಟ್ಟೆ ಎಳೆದು, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಇಳಿಬಿಟ್ಟು, ಊದುಬತ್ತಿ ಹೊಗೆಗೆ ಎಚ್ಚರಿಕೆಯ ಗಂಟೆ ಬಡಿದುಕೊಳ್ಳದಂತೆ ಹೊಗೆ ಪತ್ತೆಯ ಸಾಧನಕ್ಕೆ ಮೊದಲೇ ಪ್ಲಾಸ್ಟಿಕ್ ಚೀಲ ಕಟ್ಟಿ, ಹೊಸ್ತಿಲಲ್ಲಿ ಬೂದುಗುಂಬಳ ಒಡೆಯುತ್ತಾರೆ. ಯಂತ್ರವು ಭಕ್ತಿಯಿಂದಲೇ ಉಸಿರೆಳೆದು ಕುಂಕುಮವನ್ನು ಒಳಗೆ ತೆಗೆದುಕೊಳ್ಳುತ್ತದೆ. ನಾನು ದೈವಭಕ್ತ, ಪೂಜೆಗೆ ನನ್ನ ವಿರೋಧವಿಲ್ಲ. ಚೀಲವನ್ನು ಮಾತ್ರ ಆಮೇಲೆ ಬಿಚ್ಚಬಹುದಿತ್ತು. ನಾನು ಹೋದಾಗ ಮೇ ತಿಂಗಳು, ಅದಿನ್ನೂ ಅಲ್ಲೇ ತೂಗುತ್ತಿತ್ತು.

ಬಾಗಿಲ ಬಳಿಯ ಕಾಗದದ ಪೆಟ್ಟಿಗೆಯ ಬಗ್ಗೆ ಅಧೀಕ್ಷಕರಲ್ಲಿ ಮೆಲ್ಲಗೆ ವಿಚಾರಿಸಿದೆ. ಅದನ್ನು ಸರಿಸಿ ಬಾಗಿಲು ಮುಚ್ಚಿದರೆ, ಕೇಬಲ್ ಹಾದುಹೋಗುವ ತೂತುಗಳನ್ನು ಬಂದ್ ಮಾಡಿದರೆ, ರಟ್ಟಿನ ಪೆಟ್ಟಿಗೆಗಳನ್ನು ಹೊರಗೇ ಬಿಚ್ಚಿದರೆ, ಕಾಲೊರಸಿಗೆ ಒಂದು ಅಂಟುಚಾಪೆ ಹಾಕಿದರೆ ಎಷ್ಟು ಸಲ ಎಂಬ ಪ್ರಶ್ನೆಯೇ ಅರ್ಧಕ್ಕಿಳಿಯುತ್ತದಲ್ಲ ಎಂದೆ. ಅವರು ಸಜ್ಜನರು, ಪೂರ್ತಿ ಕೇಳಿಸಿಕೊಂಡರು. “ನೀವ್ ಹೇಳೋದು ಖರೇ ಅದರಿ ಸರ. ಆದ್ರ ಕಡತದಾಗ ಇರೋ ವಿಷಯ ಎಷ್ಟು ಸಲ ಸ್ವಚ್ಛ ಮಾಡಬೇಕು ಅಂತ. ಬಾಗಿಲದ್ದು ಬೇರೆ ಕಡತ ಆಗತದ” ಎಂದು, ಪಿಡಬ್ಲ್ಯುಡಿಗೆ ಬರೆಯುವಂತೆ ಸಹಾಯಕರಿಗೆ ಸೂಚನೆಯನ್ನೂ ಕೊಟ್ಟರು.

ಅಷ್ಟರಲ್ಲಿ ಒಳಗಿನ ಕಿರುಚಾಟ ಒಮ್ಮೆಲೇ ನಿಂತು ಕಚೇರಿಗೆ ವಿಚಿತ್ರ ಶಾಂತಿ ಬಂತು. ಕೌಂಟರಿನ ಗುಮಾಸ್ತರು ಎದ್ದು ಹೊರಗೆ ಬಂದು, ಕಾಗದ ಹುಡುಕುವ ಗೋಜಿಗೆ ಹೋಗದೆ, ಧೂಳು ಹಿಡಿದ ಕೌಂಟರಿನ ಗಾಜಿನ ಮೇಲೆ ತೋರುಬೆರಳಿನಿಂದ ‘ಸರ್ವರ್ ಇಲ್ಲ’ ಎಂದು ದುಂಡಾದ ಅಕ್ಷರಗಳಲ್ಲಿ ಬರೆದು ಚಹಾಕ್ಕೆ ಹೋದರು. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಬೇವಿನ ಮರದ ನೆರಳಿಗೆ ಸರಿದರು. ಸ್ವಲ್ಪ ಹೊತ್ತಿಗೆ ಕಸ ಹೊಡೆಯುವ ಅಕ್ಕ ಅಲ್ಲಿಗೆ ಬಂದು, ಗಾಜಿನ ಈ ಬದಿ ಹೊರಗಿನದೇ ಎಂದು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡು, ಸೆರಗಿನಿಂದ ಅದನ್ನು ಚೊಕ್ಕಟವಾಗಿ ಒರೆಸಿದಳು. ಸರ್ವರ್ ಬಂತೆಂದು ಮರದಡಿಯ ಜನ ಪಹಣಿಯ ಅರ್ಜಿಗಳನ್ನು ಎತ್ತಿ ಹಿಡಿದು ಓಡಿ ಬಂದರು, ನಾನೂ ಓಡಿದೆ.