ಅಪ್ಪ, ಸ್ವಿಚ್ಚು ಮತ್ತು ಶೇಕಡಾ 35

ಬೆಳಗ್ಗೆ ಏಳಕ್ಕೆ ಎದ್ದವಳು ಮಧ್ಯಾಹ್ನ ಎರಡಕ್ಕೆ ತಿಂಡಿ ತಿನ್ನುತ್ತಿದ್ದೇನೆ. ಉಪ್ಪಿಟ್ಟು ಆರಿ ಇಟ್ಟಿಗೆಯಾಗಿದೆ. ಎಲ್ಲಾ ಹೊಸ ಲ್ಯಾಪ್‌ಟಾಪ್ ದಯೆ.

ಹಳೆಯದೇನೂ ಕೆಟ್ಟಿರಲಿಲ್ಲ. ಆದರೆ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಎಳ್ಳುನೀರು ಬಿಟ್ಟಾಯಿತು. ವಿಂಡೋಸ್ 11 ಹಾಕೋಣ ಅಂದರೆ ನನ್ನ ಪ್ರೊಸೆಸರ್‌ಗೆ ಜಾತಕ ಕೂಡಿ ಬರಲಿಲ್ಲ. ಸರಿ, ಹೊಸದು ತಂದೆ. ಮೈಸೂರಿನಲ್ಲಿ ಅಪ್ಪ ಅಮ್ಮನ ಮನೆಯಲ್ಲಿ ಕೂತು ವಾರ ಪೂರ್ತಿ ಕೆಲಸ ಮಾಡುವ ಪ್ಲ್ಯಾನು. ನಿನ್ನೆ ರಾತ್ರಿ ಡಬ್ಬ ಬಿಚ್ಚಿ, ಚಾರ್ಜಿಗೆ ಹಾಕಿ, ಅಪ್‌ಡೇಟ್‌ಗೆ ಬಿಟ್ಟು ಮಲಗಿದೆ. ಬ್ಯಾಟರಿ ಶೇ. 12, ಅಪ್‌ಡೇಟ್ ಶೇ. 35. ಆಫ್ ಮಾಡಬೇಡಿ ಅಂತ ಪರದೆ ಬೇಡಿಕೊಳ್ಳುತ್ತಿತ್ತು. ನಾನಂತೂ ಮುಟ್ಟಲಿಲ್ಲ.

ಬೆಳಗ್ಗೆ ನೋಡಿದರೆ ಪರದೆ ಕಾವಲಿಯ ಹಾಗೆ ಕಪ್ಪಗಿತ್ತು. ಬಟನ್ ಒತ್ತಿದರೂ ಉಸಿರಿಲ್ಲ.

"ಏನಾಯ್ತು ಪುಟ್ಟಿ?" ಅಂತ ಅಪ್ಪ ಬಂದರು. ಅವರು ಕೆಇಬಿಯಲ್ಲಿ, ಅಂದರೆ ಹಳೆಯ ವಿದ್ಯುತ್ ಮಂಡಳಿಯಲ್ಲಿ, ಇದ್ದು ರಿಟೈರಾದವರು. ಕೆಇಬಿ ಹೋಗಿ ಎಷ್ಟೋ ವರ್ಷವಾಯಿತು, ಅಪ್ಪನ ಅಂಗಿ ಜೇಬಿನ ಟೆಸ್ಟರ್ ಮಾತ್ರ ಇನ್ನೂ ಹೋಗಿಲ್ಲ. ಪೆನ್ನು ಇರಬೇಕಾದ ಜಾಗದಲ್ಲಿ ಅದು. ಮದುವೆಮನೆಗೂ ಅದೇ. ಜೇಬಿನಿಂದ ತೆಗೆದು, ಚಾರ್ಜರ್ ಕಿತ್ತು, ಸಾಕೆಟ್‌ನ ತೂತಿಗೆ ಟೆಸ್ಟರ್ ಇಟ್ಟರು. ದೀಪ ಹತ್ತಲಿಲ್ಲ.

"ಕರೆಂಟೇ ಇಲ್ವಲ್ಲೇ!" ಅಂದರು ಗೆದ್ದವರ ಹಾಗೆ. ಆಮೇಲೆ ಕಣ್ಣು ನಿಧಾನವಾಗಿ ಮೇಲೆ ಹೋಯಿತು. ಸ್ವಿಚ್ ಆಫ್ ಆಗಿತ್ತು.

"ಯಾರೋ ಆಫ್ ಮಾಡಿದಾರೆ."

ಮನೆಯಲ್ಲಿ ಇರುವುದು ಮೂರೇ ಜನ. ಅಮ್ಮ ಒಗ್ಗರಣೆ ಬಿಟ್ಟು ಬಂದು ಅಪ್ಪನ ಮುಖ ನೋಡಿದಳು. ಅಪ್ಪ ಗೋಡೆ ನೋಡಿದರು.

ವಿಷಯ ಇಷ್ಟೇ. 2023ರಲ್ಲಿ ಗೃಹಜ್ಯೋತಿ ಬಂದಾಗಿನಿಂದ ಅಪ್ಪನಿಗೆ ರಾತ್ರಿ ಗಸ್ತು ಶುರುವಾಗಿದೆ. ಮನೆಯ ಹಳೆಯ ಸರಾಸರಿಗೆ ಶೇ. 10 ಸೇರಿಸಿದಷ್ಟು ಯೂನಿಟ್ ಪುಕ್ಕಟೆ, ಅದಕ್ಕೂ 200ರ ಗಡಿ. ಆ ಗಡಿಯನ್ನು ಅಪ್ಪ ಕಾಯುತ್ತಾರೆ. ಹನ್ನೊಂದು ಗಂಟೆಗೆ ಟಾರ್ಚ್ ಹಿಡಿದು ಟಿವಿ, ಮಿಕ್ಸಿ, ಗೀಸರ್ ಅಂತ ಒಂದೊಂದೇ ಸ್ವಿಚ್ ಆರಿಸಿಕೊಂಡು ಬರುತ್ತಾರೆ. ಫ್ರಿಜ್ಜನ್ನು ಮಾತ್ರ ಅಮ್ಮ ಜಗಳ ಆಡಿ ಉಳಿಸಿಕೊಂಡಿದ್ದಾಳೆ. 65 ವ್ಯಾಟಿನ ಚಾರ್ಜರ್ ಒಂದು ಯೂನಿಟ್ ತಿನ್ನಬೇಕಾದರೆ ಹದಿನೈದು ಗಂಟೆಗಿಂತ ಜಾಸ್ತಿ ಉರಿಯಬೇಕು ಅಂತ ಲೆಕ್ಕ ಹಾಕಿ ತೋರಿಸಿದೆ. "ಹನಿ ಹನಿ ಸೇರಿದ್ರೇನೇ ಹಳ್ಳ" ಅಂದರು. ತಪ್ಪು ಮಾಡಿದವರೇ ಗಾದೆ ಹೇಳಿದರೆ ಏನು ಮಾಡೋದು?

ಸ್ವಿಚ್ ಹಾಕಿದ ಮೇಲೆ ಲ್ಯಾಪ್‌ಟಾಪ್ ಒಳಗಿನ ಫ್ಯಾನ್ ತಿರುಗಿತು, ಕೀಬೋರ್ಡ್ ಬೆಳಗಿತು, ಪರದೆ ಮಾತ್ರ ಕಪ್ಪೇ. ಪರದೆಯನ್ನು ಎಬ್ಬಿಸೋಕೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ, ನಾಲ್ಕೂ ಕೀ ಒಟ್ಟಿಗೆ ಒತ್ತಬೇಕಂತೆ. ಬೆರಳು ಭರತನಾಟ್ಯದ ಮುದ್ರೆಯಾಯಿತು. 'ಪೀಂ' ಅಂತು, ಅಷ್ಟೇ. ಕಸ್ಟಮರ್ ಕೇರ್ ಹುಡುಗ ಮುಕ್ಕಾಲು ಗಂಟೆ ಸಂಗೀತ ಕೇಳಿಸಿದ ಮೇಲೆ, "ಮೇಡಂ, ಟಾರ್ಚ್ ಬಿಟ್ಟು ನೋಡಿ, ಅಕ್ಷರ ಮಸುಕಾಗಿ ಕಾಣುತ್ತಾ? ಕಂಡರೆ ಬ್ಯಾಕ್‌ಲೈಟ್ ಹೋಗಿದೆ ಅಂತ" ಅಂದ. ತಿರುಗಿದರೆ ಅಪ್ಪ ಆಗಲೇ ಟಾರ್ಚ್ ಹಿಡಿದು ನಿಂತಿದ್ದಾರೆ! ಆ ಮುಖದ ಕಳೆ ನೋಡಬೇಕಿತ್ತು. ಅಕ್ಷರ ಕಾಣಲಿಲ್ಲ, ನನ್ನ ಮೂಗು ಕಂಡಿತು.

ಕೊನೆಗೆ ಪವರ್ ಬಟನ್ ಒತ್ತಿ ಹಿಡಿದು, ಮೂರು ಸಲ ಅರ್ಧಕ್ಕೇ ಆರಿಸಿದಾಗ ರಿಪೇರಿಯ ನೀಲಿ ಪರದೆ ಬಂತು. ಬಂದದ್ದೇ ಬಿಟ್‌ಲಾಕರ್ ಕೀ, ಅಂದರೆ ಡಿಸ್ಕಿಗೆ ಹಾಕಿದ ಬೀಗದ ಕೀ, ಕೇಳಿತು. 48 ಅಂಕಿ! ಎಂಟು ಗುಂಪು, ಗುಂಪಿಗೆ ಆರು. ಫೋನಿನಲ್ಲಿ ನನ್ನ ಖಾತೆ ತೆಗೆದು ಹುಡುಕಿ ಅಪ್ಪನ ಕೈಗೆ ಕೊಟ್ಟೆ.

ಅಪ್ಪ ಕನ್ನಡಕ ಏರಿಸಿ ಮೀಟರ್ ರೀಡಿಂಗ್ ಗತ್ತಿನಲ್ಲಿ ಶುರು ಮಾಡಿದರು. "ಸೊನ್ನೆ... ನಾಲ್ಕು... ಡಬಲ್ ಏಳು..." ಆರಾದ ಮೇಲೆ ನಿಲ್ಲಿಸಿ, "ವಾಪಸ್ ಹೇಳು." ಹೇಳಿದೆ. "ಸರಿ. ಮುಂದಕ್ಕೆ." ಮೂರನೇ ಗುಂಪಿನಲ್ಲಿ ಫೋನಿನ ಪರದೆ ಆರಿತು. "ಇದೂ ಹೋಯ್ತಲ್ಲೇ!" ಮತ್ತೆ ತೆಗೆದುಕೊಟ್ಟೆ. ಅವರು ಮೊದಲನೇ ಗುಂಪಿನಿಂದಲೇ ಶುರು ಮಾಡಿದರು. ಮಧ್ಯದಿಂದ ಓದಿದ ರೀಡಿಂಗ್ ರೀಡಿಂಗೇ ಅಲ್ಲವಂತೆ.

ಅಂತೂ ಬೀಗ ತೆರೆಯಿತು. ಅರ್ಧಕ್ಕೆ ನಿಂತ ಅಪ್‌ಡೇಟ್ ಕಿತ್ತು ಹಾಕುವ ಚುಕ್ಕಿಗಳು ಸುತ್ತುತ್ತಿದ್ದಾಗ ಇಬ್ಬರೂ ಸುಮ್ನೆ ಕೂತೆವು. ಚಿಕ್ಕಂದಿನಲ್ಲಿ ಮಳೆಗೆ ಕರೆಂಟ್ ಹೋದರೆ ಅಪ್ಪ ರೈನ್‌ಕೋಟ್ ಹಾಕಿಕೊಂಡು ಹೊರಡೋರು. ನಾವು ಮೇಣದ ಬತ್ತಿ ಮುಂದೆ ಕೂತು ಕಾಯುತ್ತಿದ್ದೆವು. ದೀಪ ಬಂದ ಕೂಡಲೇ ಇಡೀ ಬೀದಿ 'ಓ...' ಅಂತ ಕೂಗುತ್ತಿತ್ತು. ಅಪ್ಪ ಎಲ್ಲೋ ಕತ್ತಲಲ್ಲಿ ಒದ್ದೆಯಾಗಿ ನಿಂತು ಅದನ್ನು ಕೇಳಿಸಿಕೊಳ್ಳುತ್ತಿದ್ದರೇನೋ. ನಾನು ಯಾವತ್ತೂ ಕೇಳಲಿಲ್ಲ.

ಪರದೆ ಫಳಕ್ ಅಂತ ಬೆಳಗಿತು. "ಬಂತು!" ಅಂತ ಅಡುಗೆಮನೆ ಬಾಗಿಲಿನಿಂದ ಅಮ್ಮ ಕೂಗಿದಳು.

ಅಪ್‌ಡೇಟ್ ಈಗ ಮತ್ತೆ ಸೊನ್ನೆಯಿಂದ ಶುರುವಾಗಿ ಶೇ. 35ಕ್ಕೆ ಬಂದಿದೆ. ಅಪ್ಪ ಒಂದು ಚೀಟಿ ಬರೆದು ಸ್ವಿಚ್ಚಿಗೆ ಅಂಟಿಸಿದ್ದಾರೆ. 'ಕೆಲಸ ನಡೆಯುತ್ತಿದೆ. ಸ್ವಿಚ್ ಮುಟ್ಟಬೇಡಿ.' ಕೆಳಗೆ ತಾರೀಖು, ಸಮಯ, ಪೂರ್ತಿ ಸಹಿ. ಯಾರಿಗೆ ಬರೆದದ್ದೋ!

ಅಂಟಿಸಿ ಹೋಗುವಾಗ ಕೈ ಸುಮ್ಮನಿದ್ದೀತೇ? ಪಕ್ಕದ ಸ್ವಿಚ್ ಆರಿಸಿ ಹೋಗಿದ್ದಾರೆ. ನನ್ನ ತಲೆ ಮೇಲಿನ ಫ್ಯಾನು ನಿಂತಿದೆ.