ಮೆಹರುನ್ ನಮ್ಮ ಬೀದಿಯವಳೂ ಹೌದು

ನಮ್ಮ ಹಾಸನದ ಕಥೆಗಾರ್ತಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂದಿದ್ದು 2025ರ ಮೇ ತಿಂಗಳಲ್ಲಿ. ಕನ್ನಡದ ಪುಸ್ತಕಕ್ಕೆ ಆ ಬಹುಮಾನ ಅದೇ ಮೊದಲು. ಸಣ್ಣಕಥೆಗಳ ಸಂಕಲನಕ್ಕೆ ಬಂದಿದ್ದೂ ಅದೇ ಮೊದಲು. ಮುಸ್ಲಿಂ ಹೆಣ್ಣುಮಕ್ಕಳ ಬದುಕಿನ 12 ಕಥೆಗಳನ್ನು ದೀಪಾ ಭಾಸ್ತಿ 'ಹಾರ್ಟ್ ಲ್ಯಾಂಪ್' ಅನ್ನುವ ಹೆಸರಲ್ಲಿ ಇಂಗ್ಲಿಷಿಗೆ ತಂದಿದ್ದರು. ಆಮೇಲೆ ಹಾಸನದಲ್ಲಿ ಯಾವತ್ತೂ ಕಥೆ ಪುಸ್ತಕ ಮುಟ್ಟದವರೂ ಅವರ ಕಥೆಗಳನ್ನು ಹುಡುಕಿ ಓದಿದರು. ಕನ್ನಡ ಪಾಠ ಮಾಡುವ ನನಗೆ ಇದಕ್ಕಿಂತ ಖುಷಿ ಇನ್ನೇನು ಬೇಕು? ಆದರೆ ಓದಿದವರು ಆಡಿದ ಮಾತು ಕೇಳಿ ಸಂಕಟವಾಗುತ್ತಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

"ಪಾಪ, ಅವರ ಹೆಣ್ಣುಮಕ್ಕಳಿಗೆ ಎಷ್ಟು ಕಷ್ಟ ನೋಡಿ. ಸದ್ಯ, ನಮ್ಮಲ್ಲಿ ಹಾಗಿಲ್ಲ." ಓದಿದ ಹಿಂದೂ ಗೆಳತಿಯರಿಂದ ನಾನು ಜಾಸ್ತಿ ಕೇಳಿದ್ದು ಇದನ್ನೇ. ಮುಸ್ಲಿಮರ ಕಡೆಯಿಂದ ಬಂದ ಮಾತು, "ಮನೆಯ ವಿಷಯವನ್ನು ಬೀದಿಗೆ ಯಾಕೆ ತರಬೇಕಿತ್ತು?" ಮೇಲ್ನೋಟಕ್ಕೆ ಎರಡೂ ಜಗಳವಾಡುವ ಮಾತುಗಳು. ನನಗೆ ಮಾತ್ರ ಎರಡೂ ಒಂದೇ ಥರ ಕೇಳಿಸುತ್ತವೆ. ಇಬ್ಬರಿಗೂ ಆ ಕಥೆ ಒಂದು ಜಾತಿ, ಒಂದು ಧರ್ಮದ ಮೇಲಿನ ದೂರಿನ ಅರ್ಜಿ. ಕಥೆಯೊಳಗಿನ ಹೆಂಗಸು ಇಬ್ಬರಿಗೂ ಕಾಣುವುದಿಲ್ಲ.

'ಎದೆಯ ಹಣತೆ' ಕಥೆಯನ್ನೇ ತಗೊಳ್ಳಿ. ಗಂಡ ಬೇರೊಬ್ಬಳ ಹಿಂದೆ ಹೋದ ಅಂತ ಮೆಹರುನ್ ಕೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ಹೀಗೆ ಬರುವ ಬದಲು ಮಾನವಾಗಿ ಸಾಯಬಹುದಿತ್ತು ಅನ್ನುವ ಅರ್ಥದ ಮಾತನ್ನು ಅಣ್ಣತಮ್ಮಂದಿರು ಆಡುತ್ತಾರೆ. ಆಡಿ, ತಾವೇ ಕರೆದುಕೊಂಡು ಹೋಗಿ ಗಂಡನ ಮನೆಗೆ ಬಿಡುತ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ದೊಡ್ಡ ಮಗಳು ಎದ್ದು ಬಂದು ತಡೆಯುತ್ತಾಳೆ.

ಈ ಕಥೆಯನ್ನು ತರಗತಿಯಲ್ಲಿ ಓದಿದಾಗ ಒಬ್ಬ ಹುಡುಗಿ ಹೇಳಿದ ಮಾತು ಕೇಳಿ. "ನಮ್ಮಲ್ಲಿ ಹಂಗೆ ಬಾಯಿಬಿಟ್ಟು ಸಾಯಿ ಅನ್ನಲ್ಲ ಮೇಡಂ. ದೊಡ್ಡವರನ್ನ ಕರೆಸಿ ಪಂಚಾಯ್ತಿ ಮಾಡ್ತಾರೆ. ಆಮೇಲೆ ಸೀರೆ ಕೊಟ್ಟು, ಊಟ ಹಾಕಿ, ಕಾರಲ್ಲಿ ಕರ್ಕೊಂಡೋಗಿ ಬಿಟ್ಟು ಬರ್ತಾರೆ." ಅವಳು ಹಾಸನದ ಪಕ್ಕದ ಹಳ್ಳಿಯವಳು, ಒಕ್ಕಲು ಮನೆತನ. ಕಥೆಯನ್ನು ಅಷ್ಟು ಸರಿಯಾಗಿ ಓದಿದವರನ್ನು ನಾನು ಕಂಡಿಲ್ಲ.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನೋ ಗಾದೆ ಯಾರದ್ದು? ನಮ್ಮದೇ ಅಲ್ವಾ? ನಮ್ಮ ರಾಜ್ಯದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಹೆಣ್ಣುಮಕ್ಕಳಿಗೂ ಪಾಲಿದೆ ಅಂತ ಕಾನೂನು ಬಂದಿದ್ದು 1994ರಲ್ಲಿ. ಇಡೀ ದೇಶಕ್ಕೆ ಬಂದಿದ್ದು 2005ರಲ್ಲಿ. ಈಗಲೂ ಜಮೀನು ಭಾಗವಾಗುವ ದಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ನಿಂತು ನೋಡಿ. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟು ಅಕ್ಕತಂಗಿಯರಿಂದ ಹಕ್ಕು ಬಿಡುಗಡೆಗೆ ಸಹಿ ಹಾಕಿಸುತ್ತಾರೆ. ಸಹಿ ಹಾಕದವಳಿಗೆ ಗೌರಿ ಹಬ್ಬದ ಬಾಗಿನವೂ ನಿಲ್ಲುತ್ತದೆ. ನಾಳೆ ಅವಳ ಗಂಡ ಬಿಟ್ಟರೆ ಅವಳು ಯಾವ ಬಾಗಿಲಿಗೆ ಬರಬೇಕು? ಮೆಹರುನ್ ನಿಂತ ಬಾಗಿಲಿಗೇ.

ಹಾಗಂದ ಮಾತ್ರಕ್ಕೆ ಎಲ್ಲ ಹೆಂಗಸರ ಕಷ್ಟವೂ ಒಂದೇ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಸುಲಭ, ಆದರೆ ಸುಳ್ಳು. 'ಕರಿ ನಾಗರಗಳು' ಕಥೆಯಲ್ಲಿ ಹೆಣ್ಣುಮಕ್ಕಳನ್ನೇ ಹೆತ್ತಳು ಅಂತ ಗಂಡ ಬಿಟ್ಟ ಒಬ್ಬ ತಾಯಿ ಇದ್ದಾಳೆ. ಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳಲು ಮಸೀದಿಗೆ ಬಂದು ಕೂರುತ್ತಾಳೆ. ಮಸೀದಿಯ ಆಡಳಿತ ನೋಡುವ ಮುತವಲ್ಲಿಗೆ ಅವಳ ಮಾತು ಕೇಳುವ ಮನಸ್ಸಿಲ್ಲ. ಅವಳಿಗಿರುವ ಕಷ್ಟ ನನಗಿಲ್ಲ. ನಾನು ನನ್ನ ಜಾತಿಯ ಹಿರಿಯರನ್ನು ಬೈದರೆ ಅದು ಮನೆಯ ಜಗಳ ಅನ್ನಿಸಿಕೊಳ್ಳುತ್ತದೆ. ಅವಳು ಬಾಯಿಬಿಟ್ಟರೆ ಆ ಮಾತನ್ನು ಹೊರಗಿನವರು ಕಿತ್ತುಕೊಂಡು ಅವಳ ಅಣ್ಣತಮ್ಮಂದಿರ ಮೇಲೆಯೇ ಕಲ್ಲಾಗಿ ಬೀಸುತ್ತಾರೆ. ಅದು ಅವಳಿಗೂ ಗೊತ್ತು. ಹಾಗಾಗಿ ಒಳಗಿನವರು "ಇದು ಮಾತಾಡುವ ಕಾಲ ಅಲ್ಲಮ್ಮ, ಸುಮ್ನಿರು" ಅಂದರೆ ಅವಳಿಗೆ ಉತ್ತರ ಕೊಡುವುದು ಕಷ್ಟ. ಆ ಕಾಲ ಯಾವತ್ತೂ ಬರುವುದಿಲ್ಲ, ಅದು ಬೇರೆ ಮಾತು.

ಇಷ್ಟೆಲ್ಲ ಗೊತ್ತಿದ್ದೂ ಬಾನು ಮೇಡಂ ಬರೆದರು. ವಕೀಲಿ ಮಾಡಿದವರು, ಪತ್ರಿಕೆಗೆ ವರದಿ ಬರೆದವರು, ಬಂಡಾಯ ಸಾಹಿತ್ಯ ಚಳವಳಿಯ ಬಿಸಿಯಲ್ಲಿ ಬೆಳೆದವರು. ಹೆಣ್ಣುಮಕ್ಕಳಿಗೂ ಮಸೀದಿಗೆ ಹೋಗುವ ಹಕ್ಕಿದೆ ಅಂದಿದ್ದಕ್ಕೆ ತಮ್ಮ ಸಮುದಾಯದವರಿಂದಲೇ ಬಹಿಷ್ಕಾರ ಎದುರಿಸಿದರು. ಅದೇ ಹೆಂಗಸು 2025ರಲ್ಲಿ ಮೈಸೂರು ದಸರಾ ಉದ್ಘಾಟಿಸುತ್ತಾರೆ ಅಂದಾಗ ಹಿಂದೂಗಳಲ್ಲಿ ಕೆಲವರು ಬೇಡ ಅಂದರು. ಅವರ ಕಥೆ ಓದಿ "ಪಾಪ" ಅಂದವರಲ್ಲೂ ಕೆಲವರು ಆಗ ಬೇಡ ಅಂದಿದ್ದನ್ನು ನಾನೇ ಕೇಳಿದ್ದೇನೆ. ಕನಿಕರ ಇಷ್ಟು ಬೇಗ ಬಣ್ಣ ಬದಲಿಸುತ್ತದೆ ಅಂದರೆ ನಾನು ಅದನ್ನು ಹೇಗೆ ನಂಬಲಿ?

ದಲಿತರ ಆತ್ಮಕಥೆಗಳನ್ನು ಓದುವಾಗಲೂ ಇದೇ ಕಥೆ. ಸಿದ್ದಲಿಂಗಯ್ಯನವರ 'ಊರು ಕೇರಿ' ಓದಿ "ಆಗಿನ ಕಾಲ ಹಾಗಿತ್ತು" ಅನ್ನುತ್ತೇವೆ. ನಮ್ಮದೇ ಜಿಲ್ಲೆಯ ಹೊಳೆನರಸೀಪುರ ತಾಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ದೇವಸ್ಥಾನದೊಳಗೆ ಹೋದರು ಅಂತ ದಂಡ ಹಾಕಿದ್ದು 2015ರಲ್ಲಿ. ಆಗ ನಮ್ಮೆಲ್ಲರ ಕೈಯಲ್ಲೂ ಮೊಬೈಲ್ ಇತ್ತು.

ಜೇಡರ ದಾಸಿಮಯ್ಯನ ವಚನವನ್ನು ಪ್ರತಿ ವರ್ಷ ಪಾಠ ಮಾಡುತ್ತೇನೆ. ನಡುವೆ ಸುಳಿವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಅನ್ನುವ ವಚನ. ಅದೇ ಸಾಲಿನ ನೆನಪಲ್ಲಿ ಟ್ರಾನ್ಸ್ ಕಲಾವಿದೆ ಮಂಜಮ್ಮ ಜೋಗತಿ ಅವರ ಆತ್ಮಕಥೆಯ ಹೆಸರು 'ನಡುವೆ ಸುಳಿವ ಹೆಣ್ಣು'. ವಚನ ಎಲ್ಲರಿಗೂ ಬಾಯಿಪಾಠ. ಬಸ್ ನಿಲ್ದಾಣದಲ್ಲಿ ಒಬ್ಬ ಟ್ರಾನ್ಸ್ ಹೆಂಗಸು ಪಕ್ಕದಲ್ಲಿ ಬಂದು ಕೂತರೆ ಮಾತ್ರ ಎದ್ದು ಹೋಗುತ್ತಾರೆ.

ಇನ್ನು ಜನಾಂಗದ ವಿಷಯ. ಇದು ಅಮೆರಿಕದವರ ಪಾಡು ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಕಪ್ಪು ಜನರ ಬದುಕು ಬರೆದ ಅಮೆರಿಕದ ಲೇಖಕಿ ಟೋನಿ ಮಾರಿಸನ್ ಅವರನ್ನು ಓದಿ ಕಣ್ಣೀರು ಹಾಕಿದವರು ನನ್ನ ಬಳಗದಲ್ಲೇ ಇದ್ದಾರೆ. ಅವರಲ್ಲಿ ಕೆಲವರದು ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ತೋಟ. ಈಗ ಆ ತೋಟಗಳ ಎಷ್ಟೋ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿ, ಇರುವುದು ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳು. ಕಾಫಿ ಕುಯ್ಲು, ಮರದ ಕೊಂಬೆ ಸವರುವ ಮರಗಸಿ, ಗೊಬ್ಬರ, ಎಲ್ಲಾ ಅವರ ಕೈಯಲ್ಲೇ ನಡೆಯುತ್ತದೆ. ಅವರ ಹೆಸರು ಹಾಜರಿ ಬರೆಯುವ ರೈಟರ ಚೆಕ್‌ರೋಲಿನಲ್ಲಿ ಬಿಟ್ಟರೆ ಬೇರೆ ಯಾರಿಗೂ ಬೇಡ. ಕರೆಯುವುದು "ಏಯ್ ಅಸ್ಸಾಂ" ಅಂತ. ಮುಖ ನೋಡಿ, ಗಡ್ಡ ನೋಡಿ "ಬಾಂಗ್ಲಾದವರಿರಬೇಕು" ಅಂತ ತೀರ್ಮಾನ. ಸಂತೆಗೆ ನಾಲ್ಕು ಜನ ಒಟ್ಟಿಗೆ ಬಂದರೆ ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕುತ್ತಾರೆ. ಕಷ್ಟಪಟ್ಟು ದುಡಿಯುವ ಮನುಷ್ಯನನ್ನು ಬರೀ ಮುಖ ನೋಡಿ ಅಳೆಯುವುದಕ್ಕೆ ಇನ್ನೇನು ಹೆಸರಿದೆ?

ಮಲೆನಾಡಿನ ಸಾಹಿತ್ಯ ಇದನ್ನು ನಮಗೆ ಕಲಿಸಿಲ್ಲ ಅನ್ನುವ ಹಾಗೂ ಇಲ್ಲ. 1967ರಲ್ಲಿ ಬಂದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಶುರುವಾಗುವುದೇ ಗುತ್ತಿ ಮತ್ತು ಅವನ ನಾಯಿ ಹುಲಿಯನಿಂದ. ಹೆಗ್ಗಡೆಯವರೂ ಗೌಡರೂ ಆಮೇಲೆ. ಗುತ್ತಿ ಒಬ್ಬ ಜೀತದಾಳು. ಅವನಿಗೆ ಪ್ರೀತಿ ಇದೆ, ಹಟ ಇದೆ, ಕನಸಿದೆ. ಅದನ್ನು ಓದಿ ಬೆಳೆದ ನಮಗೆ ನಮ್ಮ ತೋಟದ ಆಳಿನ ಹೆಸರು ಗೊತ್ತಿಲ್ಲ ಅಂದರೆ ಆ ಓದು ಎಲ್ಲಿ ಹೋಯಿತು?

"ಸಾಹಿತ್ಯಕ್ಕೆ ಜಾತಿ, ಧರ್ಮ, ಹೆಣ್ಣು, ಗಂಡು ಯಾಕೆ ಮೇಡಂ, ಕಥೆ ಚೆನ್ನಾಗಿದೆಯಾ ಅಂತ ನೋಡಿದರೆ ಸಾಕಲ್ವಾ" ಅಂತ ಒಬ್ಬ ಹಿರಿಯರು ನನ್ನನ್ನು ಕೇಳಿದರು. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಸರ್, ಮೆಹರುನ್ ಯಾವ ಮನೆಯಲ್ಲಿ ಹುಟ್ಟಿದಳು, ಅವಳ ಅಣ್ಣತಮ್ಮಂದಿರು ಯಾವ ಮಾನಕ್ಕೆ ಹೆದರಿದರು ಅನ್ನುವುದನ್ನು ತೆಗೆದುಬಿಟ್ಟರೆ ಕಥೆಯಲ್ಲಿ ಉಳಿಯುವುದೇನು? ಒಂದು ಡಬ್ಬಿ ಸೀಮೆಎಣ್ಣೆ, ಒಂದು ಬೆಂಕಿಪೊಟ್ಟಣ. ಅವಳು ಯಾರು ಅಂತ ಅಷ್ಟು ನಿಖರವಾಗಿ ಬರೆದಿದ್ದರಿಂದಲೇ ನನ್ನ ಹಳ್ಳಿ ಹುಡುಗಿಗೆ ತನ್ನ ಮನೆ ಅದರಲ್ಲಿ ಕಂಡಿತು.

ಮುಂದಿನ ತಿಂಗಳಿಂದ ನಾವು ಕೆಲವರು ಸೇರಿ ಹಾಸನದಲ್ಲಿ ಈ ಕಥೆಗಳನ್ನು ಒಟ್ಟಿಗೆ ಓದಬೇಕು ಅಂದುಕೊಂಡಿದ್ದೇವೆ. ಭಾನುವಾರ ಸಂಜೆ, ನಮ್ಮ ಮನೆಯಲ್ಲೇ. ಗಂಡಸರೂ ಬರಬಹುದು, ಅದರಲ್ಲೂ ತಂಗಿಯರಿರುವ ಅಣ್ಣಂದಿರು. ನಿಯಮ ಒಂದೇ. "ಅವರಲ್ಲಿ ಹೀಗೆ" ಅಂತ ಯಾರೂ ಮಾತು ಶುರು ಮಾಡುವ ಹಾಗಿಲ್ಲ. ಬರುವವರು ಇನ್‌ಬಾಕ್ಸ್‌ಗೆ ತಿಳಿಸಿ, ವಿಳಾಸ ಕಳಿಸುತ್ತೇನೆ.